ನೀರು ಇಳಿಸುವ ಗುಳಿಗೆಯನ್ನು ರಾತ್ರಿ ಊಟದ ಜೊತೆ ಕೊಡಬಹುದೇ? ಮಾವನವರು ಅಂಗಳದಲ್ಲಿ ಬಿದ್ದರು

ಬೇಲೆಕೇರಿಯ ಸೊಸೆ · ಸೋಮವಾರ ಬೆಳಿಗ್ಗೆ 6:50

ಮಾವನವರಿಗೆ 76 ವರ್ಷ. ಹೃದಯದ ಪಂಪು ದುರ್ಬಲವಾಗಿದೆ ಎಂದು 9 ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಮೈಯೊಳಗಿನ ನೀರು ಇಳಿಸಿ ಮನೆಗೆ ಕಳುಹಿಸಿದರು. ಹೋಗುವಾಗ 64 ಕಿಲೋ ಇದ್ದವರು ಬರುವಾಗ 58. ಕಾಲಿನ ಬಾವು ಇಳಿದು ಎಷ್ಟೋ ತಿಂಗಳ ಮೇಲೆ ಅವರ ಪಾದದ ನರಗಳು ಕಾಣಿಸಿದವು.

ಚೀಟಿಯಲ್ಲಿ ನೀರು ಇಳಿಸುವ ಫ್ಯುರೋಸೆಮೈಡ್ 40 ಮಿ.ಗ್ರಾಂ, 1-0-1 ಎಂದಿದೆ. ಅದೇ ಜಾತಿಯ ಸ್ಪೈರೊನೊಲ್ಯಾಕ್ಟೋನ್ 25 ಬೆಳಿಗ್ಗೆ ಮಾತ್ರ. ರಾಮಿಪ್ರಿಲ್, ಇನ್ನೆರಡು ಬೇರೆ ಗುಳಿಗೆ. 1-0-1 ಎಂದರೆ ನಮ್ಮ ಮನೆಯ ಲೆಕ್ಕದಲ್ಲಿ ಬೆಳಗಿನ ತಿಂಡಿ, ರಾತ್ರಿಯ ಊಟ. ಎಂಟೂವರೆಗೆ ಗಂಜಿ, ಒಂಬತ್ತಕ್ಕೆ ಗುಳಿಗೆ. ಹತ್ತೂವರೆಯಿಂದ ಅವರ ಓಡಾಟ ಶುರು. ಬಚ್ಚಲು ಮನೆಯ ಹೊರಗೆ, ಅಂಗಳ ದಾಟಿ ಹೋಗಬೇಕು. ಮೊನ್ನೆ ರಾತ್ರಿ ಮಳೆ, ಕರೆಂಟು ಇರಲಿಲ್ಲ, ಪಾವಟಿಗೆಯ ಮೇಲೆ ಪಾಚಿ. ನಾಲ್ಕನೆಯ ಸಲ ಎದ್ದಾಗ ಬಿದ್ದರು. ಮೂಳೆ ಮುರಿಯಲಿಲ್ಲ, ಮೊಣಕೈ ತರಚಿ ಸೊಂಟ ಉಳುಕಿದೆ.

ಅಂದಿನಿಂದ ಆ ಗುಳಿಗೆಯನ್ನೇ ಮುಟ್ಟುತ್ತಿಲ್ಲ. ನಾನು ಕೊಟ್ಟರೆ ಬಾಯಿಗೆ ಹಾಕಿಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ, ತಲೆ ಆಡಿಸುತ್ತಾರೆ. ಇವತ್ತು ಬೆಳಿಗ್ಗೆ ಜಗಲಿಯ ಪಕ್ಕದ ದಾಸವಾಳದ ಕುಂಡದಲ್ಲಿ ಅರ್ಧ ಕರಗಿದ ಎರಡು ಬಿಳಿ ಗುಳಿಗೆ ಸಿಕ್ಕಿದವು. ಸಿಟ್ಟು ಬಂತು, ಜೊತೆಗೆ ನಗುವೂ ಬಂತು. ಆದರೆ ಪಾದ ಮತ್ತೆ ಊದುತ್ತಿದೆ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರಿಗೆ ನಿನ್ನೆ ಮೂರು ದಿಂಬು ಬೇಕಾಯಿತು. ಏನು ಮಾಡಲಿ?

ಕೋಡಿಬಾಗದ ನಿವೃತ್ತ ಸಿಸ್ಟರ್ · ಸೋಮವಾರ ಬೆಳಿಗ್ಗೆ 7:15

ತಂಗಿ, ಮೊದಲು ಫೋನು ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಒಂದು ದಿಂಬು ಮೂರಾಯಿತು ಎಂದರೆ ಶ್ವಾಸಕೋಶದ ಕಡೆಗೆ ನೀರು ತಿರುಗಿರಬಹುದು. ನೋಡಿದ ವೈದ್ಯರಿಗೆ ಈಗಲೇ ಹೇಳಿ: ಗುಳಿಗೆ ಎಷ್ಟು ದಿನ ತಪ್ಪಿದೆ, ದಿಂಬು ಎಷ್ಟು, ಇವತ್ತಿನ ತೂಕ ಎಷ್ಟು, ಬಿದ್ದಾಗ ತಲೆಗೆ ಪೆಟ್ಟಾಗಿತ್ತೇ. ಕುಳಿತಲ್ಲೇ ಏದುಸಿರು ಬಂದರೆ, ನೊರೆ ಕಫ ಬಂದರೆ, ತುಟಿ ನೀಲಿಯಾದರೆ ಫೋನಿಗೆ ಕಾಯದೆ 108 ಕರೆಯಿರಿ. ತಪ್ಪಿಹೋದ ಗುಳಿಗೆಗಳನ್ನು ಸೇರಿಸಿ ಒಟ್ಟಿಗೆ ಕೊಡಬೇಡಿ. ಹಾಗೆ ಕೊಟ್ಟರೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಮತ್ತೆ ಬೀಳುತ್ತಾರೆ.

ಬೇಲೆಕೇರಿಯ ಸೊಸೆ · ಸೋಮವಾರ ಬೆಳಿಗ್ಗೆ 11:30

ಹೋಗಿ ಬಂದೆವು. ತೂಕ 60.2. ಅಲ್ಲಿಯೇ ಒಂದು ಇಂಜೆಕ್ಷನ್ ಕೊಟ್ಟು ಎರಡು ಗಂಟೆ ಕೂರಿಸಿದರು, ರಕ್ತ ತೆಗೆದರು, ಸೊಂಟದ ಎಕ್ಸ್‌ರೇ ಸರಿಯಿದೆ. ವೈದ್ಯರಿಗೆ ಹೊತ್ತು ಕೇಳಿದೆ. "1-0-1 ಎಂದರೆ ಬೆಳಿಗ್ಗೆ ಎಂಟು, ಮಧ್ಯಾಹ್ನ ಮೂರು. ರಾತ್ರಿ ಯಾರು ಕೊಡಲು ಹೇಳಿದರು?" ಎಂದು ನನ್ನನ್ನೇ ಗದರಿದರು. ಹೇಳಿದವರು ಯಾರೂ ಇಲ್ಲ, ಹೇಳದೇ ಇದ್ದವರು ಮಾತ್ರ ಇದ್ದಾರೆ.

ಕೋಡಿಬಾಗದ ನಿವೃತ್ತ ಸಿಸ್ಟರ್ · ಸೋಮವಾರ ಮಧ್ಯಾಹ್ನ 2:05

ಆ ಸೊನ್ನೆ-ಒಂದರ ಲೆಕ್ಕ ಎಷ್ಟು ಮನೆಗಳಲ್ಲಿ ಹೀಗೆ ಕೈಕೊಟ್ಟಿದೆಯೋ. ವಾರ್ಡಿನಿಂದ ಬಿಡುಗಡೆ ಮಾಡುವಾಗ ಚೀಟಿಯ ಪಕ್ಕದಲ್ಲಿ ಗಡಿಯಾರದ ಹೊತ್ತನ್ನು ನಾನು ಕೈಯಿಂದ ಬರೆದುಕೊಡುತ್ತಿದ್ದೆ. "ಸಿಸ್ಟರ್‌ಗೆ ಬೇರೆ ಕೆಲಸವಿಲ್ಲ" ಎಂದು ಕೆಲವರು ನಕ್ಕಿದ್ದೂ ಉಂಟು.

ಗುಳಿಗೆ ಹೊಟ್ಟೆಗೆ ಹೋಗಿ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಒಂದೆರಡು ಗಂಟೆಯಲ್ಲಿ ಜೋರು. ಆರರಿಂದ ಎಂಟು ಗಂಟೆಯವರೆಗೆ ಎಳೆಯುತ್ತದೆ. ಫ್ಯುರೋಸೆಮೈಡಿಗೆ ಕಂಪನಿ ಇಟ್ಟ ಲ್ಯಾಸಿಕ್ಸ್ ಎಂಬ ಹೆಸರು ಹುಟ್ಟಿದ್ದೇ ಆರು ಗಂಟೆ ಬಾಳುತ್ತದೆ ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ. ಒಂಬತ್ತಕ್ಕೆ ಕೊಟ್ಟರೆ ಹತ್ತು-ಹನ್ನೊಂದರ ಹೊತ್ತಿಗೆ ಅದರ ಭರತ, ನಡುರಾತ್ರಿ ದಾಟಿದರೂ ಇಳಿಯುವುದಿಲ್ಲ. ಹಾಸಿಗೆಯಿಂದ ಎದ್ದ ಮುದುಕರಿಗೆ ನಿದ್ದೆಗಣ್ಣು, ಇಳಿದ ರಕ್ತದೊತ್ತಡ, ಕತ್ತಲೆ, ಪಾಚಿ. ಅವರು ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಕೊಡುವ ಮೊದಲು ಕೂತಾಗಿನ ರಕ್ತದೊತ್ತಡ ನೋಡಿ. ಎದ್ದು ನಿಂತು ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿ. ಮೇಲಿನ ಅಂಕಿ 20 ಇಳಿದರೆ, ಅಥವಾ ಕೆಳಗಿನದು 10 ಇಳಿದರೆ, ಅಥವಾ ತಲೆ ತಿರುಗುತ್ತದೆ ಎಂದರೆ ಆ ಹೊತ್ತಿನ ಗುಳಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿ. ಯಂತ್ರವಿಲ್ಲದ ಮನೆಯಲ್ಲಿ ಕೊನೆಯಪಕ್ಷ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಿಸಿ, ಆಮೇಲೆ ಎಬ್ಬಿಸಿ.

ರಾತ್ರಿಗೆ ಮಂಚದ ಪಕ್ಕ ಮೂತ್ರದ ಪಾತ್ರೆ ಇಡಿ. ಗಂಡಸರ ಪ್ಲಾಸ್ಟಿಕ್ ಪಾತ್ರೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಅದರ ಮೇಲೆ ಅಳತೆಯ ಗೆರೆಯೂ ಇರುತ್ತದೆ. ಅವರು ಒಪ್ಪುವುದಿಲ್ಲ, ನನಗೆ ಗೊತ್ತು. ಜಗಲಿಯಲ್ಲಿ ಮಲಗುವ ಗಂಡಸರು ಸೊಸೆ ತೊಳೆಯುವ ಪಾತ್ರೆಯಲ್ಲಿ ಹೇಗೆ ಮಾಡಿಯಾರು? ಒಂದು ಪರದೆ ಕಟ್ಟಿ. ಪಾತ್ರೆ ಚೆಲ್ಲುವ ಕೆಲಸವನ್ನು ಮಗನಿಗೆ ವಹಿಸಿ. ನೀವು ಅದನ್ನು ನೋಡಿಯೇ ಇಲ್ಲದವರ ಹಾಗೆ ಇರಿ.

ಇನ್ನು ದಾಸವಾಳದ ಕುಂಡದ ವಿಚಾರ. ಗುಳಿಗೆ ಕೊಟ್ಟು ಒಳಗೆ ಹೋಗಬೇಡಿ. ನುಂಗುವ ತನಕ ಅಲ್ಲಿಯೇ ನಿಂತು ಬೇರೆ ಏನನ್ನಾದರೂ ಮಾತನಾಡಿ. ಅವರು ಉಗುಳಿದ್ದು ಹಟಕ್ಕಲ್ಲ, ಹೆದರಿಕೆಗೆ. "ಇನ್ನು ಮೇಲೆ ರಾತ್ರಿ ಎಬ್ಬಿಸುವುದಿಲ್ಲ, ಹೊತ್ತು ಬದಲಾಯಿಸಿದ್ದೇವೆ" ಎಂದು ಅವರಿಗೇ ಹೇಳಿ. ನಿಮ್ಮ ಗಂಡನಿಗೆ ಹೇಳಿದರೆ ಸಾಲದು.

ಹಳದೀಪುರ ತೋಟ · ಸೋಮವಾರ ಸಂಜೆ 5:40

ಇಷ್ಟೆಲ್ಲ ರಾದ್ಧಾಂತ ಯಾತಕ್ಕೆ? ನನಗೆ 71. ಕಾಲು ಊದಿದರೆ ಕೊಮ್ಮೆ ಸೊಪ್ಪಿನ ಕಷಾಯ, ಬಾಳೆದಿಂಡಿನ ರಸ, ಬಾರ್ಲಿ ನೀರು, ದಿನಕ್ಕೆ ಎರಡು ಎಳನೀರು. ನಮ್ಮ ತೋಟದ ಎಳನೀರು ಕುಡಿದರೆ ಮೂತ್ರ ತಾನಾಗಿಯೇ ಸರಾಗವಾಗುತ್ತದೆ. ಈ ಗುಳಿಗೆಗಳು ಕಿಡ್ನಿಯನ್ನು ಹಾಳು ಮಾಡುತ್ತವೆ ಎಂದು ಎಲ್ಲರಿಗೂ ಗೊತ್ತು.

ಕುಮಟಾದ ಔಷಧಿ ಅಂಗಡಿಯವ · ಸೋಮವಾರ ರಾತ್ರಿ 9:20

ಅಂಗಡಿ ಬಾಗಿಲು ಹಾಕಿ ಬಂದು ಬರೆಯುತ್ತಿದ್ದೇನೆ. ಹಿರಿಯರೇ, ನಿಮ್ಮ ಕಾಲು ಯಾಕೆ ಊದುತ್ತದೆ ಎಂದು ಯಾರಾದರೂ ನೋಡಿದ್ದಾರೆಯೇ? ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ನುಂಗುವವರು ಬಹಳ ಜನ. ಆ ಗುಳಿಗೆಯಿಂದಲೇ ಕೆಲವರ ಪಾದ ಸಂಜೆಯ ಹೊತ್ತಿಗೆ ಊದುತ್ತದೆ. ಅದು ಮೈಯಲ್ಲಿ ನೀರು ಹೆಚ್ಚಾಗಿ ಬಂದ ಬಾವಲ್ಲ, ಸಣ್ಣ ರಕ್ತನಾಳ ಹಿಗ್ಗಿ ಸೋರಿ ಬಂದದ್ದು. ಅಂಥವರು ನನ್ನ ಬಳಿ ಬಂದು "ಪಕ್ಕದ ಮನೆಯವರಿಗೆ ಕೊಟ್ಟ ನೀರಿನ ಗುಳಿಗೆ ಕೊಡಿ" ಎನ್ನುತ್ತಾರೆ. ಅದರಿಂದ ಬಾವು ಹೆಚ್ಚೇನೂ ಇಳಿಯುವುದಿಲ್ಲ, ಮೈಯ ಉಪ್ಪು ಮಾತ್ರ ಇಳಿಯುತ್ತದೆ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ಎದುರಿನ ಅಂಗಡಿಗೆ ಹೋಗುತ್ತೇನೆ ಎಂದು ಬೆದರಿಸುತ್ತಾರೆ. ಹೋಗಲಿ.

ನಾನು ದಿನಾ ನೋಡುವ ಎಡವಟ್ಟುಗಳಲ್ಲಿ ಮೊದಲನೆಯದು ಹೆಸರು. ಶಿರಸಿಯಲ್ಲಿ ಒಬ್ಬ ವೈದ್ಯರು ಫ್ಯುರೋಸೆಮೈಡ್ ಬರೆದಿರುತ್ತಾರೆ, ಮಂಗಳೂರಿನಲ್ಲಿ ಇನ್ನೊಬ್ಬರು ಟಾರ್ಸೆಮೈಡ್ ಬರೆಯುತ್ತಾರೆ. ಹಳೆಯದನ್ನು ನಿಲ್ಲಿಸಿ ಎಂದು ಬಾಯಲ್ಲಿ ಹೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತದೆ. ಮನೆಯಲ್ಲಿ ಎರಡೂ ನಡೆಯುತ್ತವೆ. ಬಣ್ಣ ಬೇರೆ, ಪಟ್ಟಿ ಬೇರೆ, ಕೆಲಸ ಒಂದೇ.

ಅಂಕಿಯ ಮೋಸ ಇನ್ನೊಂದು. ಟಾರ್ಸೆಮೈಡ್ 20 ಎಂದರೆ ಸುಮಾರು ಫ್ಯುರೋಸೆಮೈಡ್ 40ಕ್ಕೆ ಸಮ. "ಮೊದಲು 40 ಇತ್ತು, ಈಗ 20 ಕೊಟ್ಟಿದ್ದಾರೆ, ಅರ್ಧವಾಯಿತು" ಎಂದುಕೊಂಡು ಎರಡೆರಡು ನುಂಗಿದವರನ್ನು ಕಂಡಿದ್ದೇನೆ. ಹೆಸರಿನ ಮುಂದೆ "ಪ್ಲಸ್" ಎಂದಿದ್ದರೆ ಅದರೊಳಗೆ ಸಾಮಾನ್ಯವಾಗಿ ಸ್ಪೈರೊನೊಲ್ಯಾಕ್ಟೋನ್ ಕೂಡ ಸೇರಿರುತ್ತದೆ. ರಕ್ತದೊತ್ತಡದ ಗುಳಿಗೆಯ ಹೆಸರಿನ ಕೊನೆಗೆ "ಎಚ್" ಎಂದಿದ್ದರೆ ಹೆಚ್ಚಾಗಿ ಅದರಲ್ಲಿ ಹೈಡ್ರೋಕ್ಲೋರೋಥೈಅಜೈಡ್ ಇರುತ್ತದೆ. ಅದೂ ನೀರು ಇಳಿಸುವ ಜಾತಿಯದೇ.

ಮೂರನೆಯದು ಸೊಂಟನೋವಿನ ಗುಳಿಗೆ. ಬೇಲೆಕೇರಿಯ ಅಕ್ಕನವರೇ, ಇದು ನಿಮಗೆ. ಮಾವನವರ ಸೊಂಟ ಉಳುಕಿದೆ ಎಂದಿರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಯಾವುದನ್ನೂ ನೀವಾಗಿಯೇ ಕೊಡಬೇಡಿ. ರಾಮಿಪ್ರಿಲ್, ನೀರಿನ ಗುಳಿಗೆ, ಅದರ ಮೇಲೆ ಈ ನೋವಿನ ಗುಳಿಗೆ, ಮೂರೂ ಸೇರಿದರೆ ಕಿಡ್ನಿಗೆ ರಕ್ತ ಹೋಗುವುದೇ ಕಡಿಮೆಯಾಗುತ್ತದೆ. ಕಿಡ್ನಿ ಹಾಳಾಯಿತು ಎಂಬ ದೂರಿನಲ್ಲಿ ಎಷ್ಟೋ ಸಲ ತಪ್ಪು ಈ ಮೂರನೆಯವನದು, ಬೈಗುಳ ನೀರಿನ ಗುಳಿಗೆಗೆ.

ಮಳೆಗಾಲದಲ್ಲಿ ಗುಳಿಗೆಗಳನ್ನು ಪಟ್ಟಿಯಿಂದ ಮೊದಲೇ ಬಿಡಿಸಿ ಡಬ್ಬಿಗೆ ತುಂಬಬೇಡಿ. ನಮ್ಮ ಕರಾವಳಿಯ ಗಾಳಿಗೆ ಹಪ್ಪಳವೇ ಮೆತ್ತಗಾಗುತ್ತದೆ.

ಕೋಡಿಬಾಗದ ನಿವೃತ್ತ ಸಿಸ್ಟರ್ · ಮಂಗಳವಾರ ಬೆಳಿಗ್ಗೆ 8:30

ಎಳನೀರಿನ ಬಗ್ಗೆ ನನಗೂ ಹೇಳಬೇಕಾದದ್ದಿದೆ, ಹಳದೀಪುರದ ಅಣ್ಣ ಸಿಟ್ಟಾಗಬಾರದು.

ನೀರಿನ ಗುಳಿಗೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವವು ಪೊಟ್ಯಾಸಿಯಂ ವಿಷಯದಲ್ಲಿ ಒಂದಕ್ಕೊಂದು ಎದುರು ದಿಕ್ಕಿನವು. ಫ್ಯುರೋಸೆಮೈಡ್, ಟಾರ್ಸೆಮೈಡ್, ಥೈಅಜೈಡ್‌ಗಳು ಮೂತ್ರದ ಜೊತೆ ಪೊಟ್ಯಾಸಿಯಮನ್ನೂ ಹೊರಗೆ ಹಾಕುತ್ತವೆ. ಮೀನಖಂಡ ಹಿಡಿಯುತ್ತದೆ, ಕೈಕಾಲು ಸೋಲುತ್ತದೆ, ಎದೆಬಡಿತ ತಪ್ಪುತ್ತದೆ. ಸ್ಪೈರೊನೊಲ್ಯಾಕ್ಟೋನ್ ಅದನ್ನು ಒಳಗೆ ಉಳಿಸುತ್ತದೆ. ರಕ್ತದೊತ್ತಡ ಇಳಿಸುವ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಕೂಡ ಅದೇ ಕಡೆಗೆ ಎಳೆಯುತ್ತವೆ. ರಕ್ತದಲ್ಲಿ ಅದು 3.5ರಿಂದ 5ರ ನಡುವೆ ಇರಬೇಕು. ಮೇಲೆ ಹೋದರೆ ಮೈ ಸೂಚನೆಯನ್ನೇ ಕೊಡದೆ ಹೃದಯ ನಿಲ್ಲಬಹುದು. ನನಗೆ ಹೆದರಿಕೆ ಅದೇ.

ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಒಂದು ಲೋಟದಲ್ಲಿ ಸುಮಾರು 500–600 ಮಿಲಿಗ್ರಾಂ. ಹಾಗಾಗಿ ಅದೇ ಎಳನೀರು ಬರೀ ಫ್ಯುರೋಸೆಮೈಡ್ ನುಂಗುವವನಿಗೆ, ವೈದ್ಯರು ಒಪ್ಪಿದರೆ, ಉಪಕಾರವಾಗಬಹುದು. ಬೇಲೆಕೇರಿಯ ಮಾವನವರ ಹಾಗೆ ಸ್ಪೈರೊನೊಲ್ಯಾಕ್ಟೋನ್ ಮತ್ತು ರಾಮಿಪ್ರಿಲ್ ಎರಡೂ ಇರುವವರಿಗೆ, ಅದರಲ್ಲೂ ಕಿಡ್ನಿ ಸೋತಿದ್ದರೆ, ದಿನಕ್ಕೆ ಎರಡು ಎಳನೀರು ಅಪಾಯ. "ಪಕ್ಕದ ಮನೆಯವರು ಕುಡಿಯುತ್ತಾರೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

"ಕಡಿಮೆ ಸೋಡಿಯಂ" ಎಂದು ಮಾರುವ ಉಪ್ಪೂ ಹಾಗೆಯೇ. ಸೋಡಿಯಂ ಕಡಿಮೆ ಮಾಡಿ ಅಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತಾರೆ. ಮಗ ಬೆಂಗಳೂರಿನಿಂದ ಪ್ರೀತಿಯಿಂದ ತಂದ ಪೊಟ್ಟಣ ತಂದೆಗೆ ಮುಳುವಾಗಬಾರದು.

ಕೊಮ್ಮೆ ಸೊಪ್ಪನ್ನು ನಾನು ಹಳಿಯುವುದಿಲ್ಲ. ನಮ್ಮಜ್ಜಿ ಪಲ್ಯ ಮಾಡುತ್ತಿದ್ದರು. ಆದರೆ ಕಷಾಯ ಕುಡಿಯುತ್ತಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮುಚ್ಚಿಡುವುದರಿಂದ ತೊಂದರೆ.

ಹಳದೀಪುರ ತೋಟ · ಮಂಗಳವಾರ ಬೆಳಿಗ್ಗೆ 9:10

ಪಟ್ಟಿ ತೆಗೆದು ನೋಡಿದೆ. ಆಮ್ಲೋಡಿಪಿನ್ 10 ಎಂದೇ ಇದೆ. ವೈದ್ಯರನ್ನು ಕೇಳುತ್ತೇನೆ. ಎಳನೀರು ಬಿಡುವುದಿಲ್ಲ.

ಕುಮಟಾದ ಔಷಧಿ ಅಂಗಡಿಯವ · ಮಂಗಳವಾರ ಬೆಳಿಗ್ಗೆ 9:25

ಬಿಡುವ ಮೊದಲು, ಬಿಡದಿರುವ ಮೊದಲೂ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಹಿರಿಯರೇ.

ಹುಲೇಕಲ್ ರಸ್ತೆ · ಮಂಗಳವಾರ ರಾತ್ರಿ 10:15

ಶಿರಸಿಯಿಂದ. ಹಿಂದಿನ ಮಳೆಗಾಲದ ನಮ್ಮ ಅಮ್ಮನ ಕತೆ ಹೇಳುತ್ತೇನೆ. ಆಯಿಗೆ 69. ರಕ್ತದೊತ್ತಡಕ್ಕೆ ಆ "ಎಚ್" ಇರುವ ಗುಳಿಗೆಯೇ. ವರ್ಷಗಳಿಂದ ಏನೂ ಆಗಿರಲಿಲ್ಲ. ಒಂದು ವಾರ ಭೇದಿಯಾಯಿತು. ಊಟ ಸೇರದೆ ಗಂಜಿ ತಿಳಿ, ಕಷಾಯ, ನೀರು, ಇಷ್ಟರಲ್ಲೇ ಇದ್ದರು. ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನಮಗೂ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಆರನೆಯ ದಿನ ಅಡಿಗೆಮನೆಯಲ್ಲಿ ಕೂತು, ತೀರಿಹೋಗಿ ಹನ್ನೆರಡು ವರ್ಷವಾದ ದೊಡ್ಡಮ್ಮನಿಗೆ ಎಂದು ಎಲೆ ಹಾಕಿದರು. ಬಡಿಸಿದರು. "ಅಕ್ಕ ಬಂದಾಳೆ, ತಂಬುಳಿ ತಾ" ಎಂದು ನನ್ನನ್ನು ಕೂಗಿದರು. ಮನೆಯಲ್ಲಿ ಒಬ್ಬರು ದೃಷ್ಟಿ ಎಂದರು, ಒಬ್ಬರು ಮರೆವಿನ ರೋಗ ಎಂದರು. ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಸೋಡಿಯಂ 114. ಇರಬೇಕಾದದ್ದು 135ರಿಂದ 145. ನಾನು "ಬೇಗ ಏರಿಸಿ" ಎಂದು ಗಲಾಟೆ ಮಾಡಿದೆ. ಅಲ್ಲಿನ ನರ್ಸ್ ಒಬ್ಬರು ಕೂರಿಸಿ ತಿಳಿಸಿದರು: ಒಂದು ದಿನದಲ್ಲಿ 8–10ಕ್ಕಿಂತ ಹೆಚ್ಚು ಏರಿಸಿದರೆ ಮಿದುಳಿನ ನರಗಳಿಗೇ ಧಕ್ಕೆ, ಅದಕ್ಕೇ ಇಷ್ಟು ಜಾಗ್ರತೆ. ನಾಲ್ಕನೆಯ ದಿನ ಆಯಿ ನನ್ನನ್ನು ನೋಡಿ "ಕೊಟ್ಟಿಗೆಯ ಕೆಲಸ ಯಾರು ಮಾಡುತ್ತಿದ್ದಾರೆ?" ಎಂದು ಕೇಳಿದಾಗ ನನಗೆ ಜೀವ ಬಂತು.

ವಾಂತಿ, ಭೇದಿ, ಊಟ ಬಿಟ್ಟ ದಿನಗಳಲ್ಲಿ ಈ ಗುಳಿಗೆಯನ್ನು ಕೊಡಬೇಕೋ ನಿಲ್ಲಿಸಬೇಕೋ ಎಂದು ಅದೇ ದಿನ ಕೇಳಬೇಕು. ಇದನ್ನು ನಮಗೆ ಮೊದಲು ಯಾರೂ ಹೇಳಿರಲಿಲ್ಲ.

ಕೋಡಿಬಾಗದ ನಿವೃತ್ತ ಸಿಸ್ಟರ್ · ಮಂಗಳವಾರ ರಾತ್ರಿ 10:40

ದೊಡ್ಡಮ್ಮನಿಗೆ ಎಲೆ ಹಾಕಿದ್ದನ್ನು ಓದಿ ಮನಸ್ಸು ಹಿಂಡಿದಂತಾಯಿತು. ವಯಸ್ಸಾದವರು ಇದ್ದಕ್ಕಿದ್ದ ಹಾಗೆ ಅಸಂಬದ್ಧ ಮಾತನಾಡಿದರೆ ಮೊದಲು ಸೋಡಿಯಂ, ಸಕ್ಕರೆ, ಮೂತ್ರದ ಸೋಂಕು ನೋಡಬೇಕು. ಮರೆವಿನ ರೋಗ ಒಂದೇ ವಾರದಲ್ಲಿ ಬರುವುದಿಲ್ಲ.

ನರ್ಸಿಂಗ್ ಮೂರನೇ ವರ್ಷ · ಬುಧವಾರ ಮಧ್ಯಾಹ್ನ 1:50

ನಮಸ್ತೆ ಸಿಸ್ಟರ್. ನಾನು ಕಾರವಾರದಲ್ಲಿ ಓದುತ್ತಿದ್ದೇನೆ. ಫ್ಯುರೋಸೆಮೈಡ್ ಇಂಜೆಕ್ಷನ್ ಬಗ್ಗೆ ಪುಸ್ತಕದಲ್ಲಿ "ನಿಧಾನವಾಗಿ ಕೊಡಿ" ಎಂದಷ್ಟೇ ಇದೆ. ವಾರ್ಡಿನಲ್ಲಿ ಎಲ್ಲರೂ ಅವಸರದಲ್ಲಿರುತ್ತಾರೆ. ನಿಧಾನ ಎಂದರೆ ಎಷ್ಟು? ಬಾಯಿಗೆ 40 ಇದ್ದವರಿಗೆ ರಕ್ತನಾಳಕ್ಕೆ 20 ಎಂದು ಬರೆದಿದ್ದನ್ನು ನೋಡಿದೆ. ತಪ್ಪಿರಬಹುದೇ?

ಕೋಡಿಬಾಗದ ನಿವೃತ್ತ ಸಿಸ್ಟರ್ · ಬುಧವಾರ ಸಂಜೆ 4:30

ತಪ್ಪಲ್ಲ ಮಗಳೇ. ಫ್ಯುರೋಸೆಮೈಡ್ ಗುಳಿಗೆಯಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಕರುಳೇ ಊದಿಕೊಂಡಿದ್ದರೆ ಅದೂ ತಡವಾಗುತ್ತದೆ. ಅದಕ್ಕೇ ಮನೆಯಲ್ಲಿ ಗುಳಿಗೆಗೆ ಬಗ್ಗದವರು ಇಂಜೆಕ್ಷನ್ನಿಗೆ ಬಗ್ಗುತ್ತಾರೆ. ರಕ್ತನಾಳಕ್ಕೆ ಕೊಟ್ಟರೆ 5 ನಿಮಿಷದಲ್ಲಿ ಶುರು, ಅರ್ಧ ಗಂಟೆಗೆ ತುದಿ, ಸುಮಾರು ಎರಡು ಗಂಟೆಗೆ ಮುಗಿಯಿತು. ಹಾಗಾಗಿ ಸೂಜಿ ಹಿಡಿಯುವ ಮೊದಲೇ ಪಾತ್ರೆ ಹಾಸಿಗೆಯ ಪಕ್ಕ ಇರಬೇಕು, ಕ್ಯಾಥೆಟರ್ ಇದ್ದರೆ ಚೀಲ ಖಾಲಿ ಮಾಡಿ ಹೊತ್ತು ಬರೆದಿರಬೇಕು.

ನಿಧಾನ ಎಂದರೆ ಎಷ್ಟು ಎಂಬುದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಸೇರಿ ವರ್ಷ ತುಂಬಿರಲಿಲ್ಲ, ರಾತ್ರಿ ಪಾಳಿ, ಒಬ್ಬಳೇ. 80 ಮಿ.ಗ್ರಾಂ ಬರೆದಿದ್ದರು. ಆಂಪೂಲ್ ಒಂದರಲ್ಲಿ 20, ನಾಲ್ಕನ್ನೂ ಒಡೆದು ಸಿರಿಂಜಿಗೆ ಎಳೆದುಕೊಂಡು ಒಂದೇ ಸಲಕ್ಕೆ ತಳ್ಳಿದೆ. ದೋಣಿಯ ಮೇಲೆ ಬದುಕು ಕಳೆದ ಮನುಷ್ಯ, ಕಿವಿ ಮುಚ್ಚಿಕೊಂಡು "ಅಕ್ಕಾ, ಕಿವಿಯೊಳಗೆ ಕಡಲು ಕೂಗುತ್ತಿದೆ" ಎಂದ. ಆಮೇಲೆ ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಬೆಳಗಿನ ಹೊತ್ತಿಗೆ ಸರಿಯಾಯಿತು, ನನ್ನ ಪುಣ್ಯ. ಕೆಲವರಿಗೆ ಸರಿಯಾಗುವುದೇ ಇಲ್ಲ. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು ಜೊತೆಗೆ ನಡೆಯುತ್ತಿದ್ದರೆ ಕಿವಿಗೆ ಅಪಾಯ ಇನ್ನೂ ಹೆಚ್ಚು.

20–40 ಮಿ.ಗ್ರಾಂ ಆದರೆ ಒಂದರಿಂದ ಎರಡು ನಿಮಿಷ, ಗಡಿಯಾರ ನೋಡುತ್ತ. ಮನಸ್ಸಿನಲ್ಲಿ ಎಣಿಸಬೇಡ, ಅವಸರದಲ್ಲಿ ಮನಸ್ಸಿನ ನಿಮಿಷಕ್ಕೆ ಇಪ್ಪತ್ತೇ ಸೆಕೆಂಡು. ದೊಡ್ಡ ಡೋಸ್ ಆದರೆ ನಾರ್ಮಲ್ ಸಲೈನ್‌ಗೆ ಸೇರಿಸಿ, ನಿಮಿಷಕ್ಕೆ 4 ಮಿ.ಗ್ರಾಂ ಮೀರದಂತೆ. 80 ಎಂದರೆ 20 ನಿಮಿಷ. ಡೆಕ್ಸ್ಟ್ರೋಸ್‌ಗೆ ಸೇರಿಸಬೇಡ. ಈ ಔಷಧಿ ಕ್ಷಾರದ ಸ್ವಭಾವದ್ದು, ಆಮ್ಲದ ದ್ರಾವಣದಲ್ಲಿ ಕಣಗಟ್ಟುತ್ತದೆ. ಅದೇ ನಳಿಕೆಯಲ್ಲಿ ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಹೋಗಿದ್ದರೆ ಹಾಲಿನಂತೆ ಬೆಳ್ಳಗಾದೀತು. ಮೊದಲೂ ಆಮೇಲೂ ಸಲೈನ್‌ನಿಂದ ತೊಳೆ. ಆಂಪೂಲಿನ ದ್ರವ ಹಳದಿಯಾಗಿದ್ದರೆ ಬಿಸಾಡು. ಬೆಳಕು ತಾಗಿದರೆ ಹಾಗಾಗುತ್ತದೆ.

ಕೊಡುವ ಮೊದಲು ಮೂರು ಅಂಕಿ ನಿನ್ನ ಬಾಯಲ್ಲಿರಬೇಕು: ರಕ್ತದೊತ್ತಡ, ಇವತ್ತಿನ ಪೊಟ್ಯಾಸಿಯಂ, ಕ್ರಿಯಾಟಿನಿನ್. ಹೃದಯದ ಔಷಧಿ ಡಿಗಾಕ್ಸಿನ್ ಕೂಡ ಇದ್ದರೆ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸು. 60ಕ್ಕಿಂತ ಕಡಿಮೆಯಿದ್ದರೆ ಡಿಗಾಕ್ಸಿನ್ ತಡೆದು ವೈದ್ಯರಿಗೆ ಹೇಳು. ಪೊಟ್ಯಾಸಿಯಂ ಇಳಿದ ಮೈಯಲ್ಲಿ ಡಿಗಾಕ್ಸಿನ್ ವಿಷವಾಗುತ್ತದೆ. ವಾಕರಿಕೆ ಬಂತು, ಎಲ್ಲವೂ ಹಳದಿಯಾಗಿ ಕಾಣುತ್ತದೆ ಎಂದು ರೋಗಿ ಹೇಳಿದರೆ ನಗಬೇಡ.

ಪೊಟ್ಯಾಸಿಯಂ ಇಳಿದಿದೆ ಎಂದು ಅದರ ಆಂಪೂಲ್ ಬರೆದರೆ, ಅದನ್ನು ಎಂದೂ, ಯಾರು ಹೇಳಿದರೂ, ನೇರವಾಗಿ ತಳ್ಳಬೇಡ. ಹೃದಯ ಅಲ್ಲಿಯೇ ನಿಲ್ಲುತ್ತದೆ. ಸಲೈನ್ ಬಾಟಲಿಯಲ್ಲಿ ಚೆನ್ನಾಗಿ ಬೆರೆಸಿ, ಸಾಮಾನ್ಯ ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರದ ಹಾಗೆ.

ಆಮೇಲೆ ಮೂತ್ರ ಅಳೆ. ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಹೇಳು. ಇಂಜೆಕ್ಷನ್ ಕೊಟ್ಟೂ ಎರಡು ಗಂಟೆಯಲ್ಲಿ ಏನೂ ಬಾರದಿದ್ದರೆ ಅದನ್ನೂ ಹೇಳು. ಬೆಳಗಿನವರೆಗೆ ಕಾದು ಪಾಳಿ ಬದಲಿಸುವಾಗ ಹೇಳುವ ಸುದ್ದಿ ಅದಲ್ಲ.

ಘಟ್ಟದ ಮೇಲಿನ ಸ್ಟಾಫ್ ನರ್ಸ್ · ಬುಧವಾರ ರಾತ್ರಿ 8:00

ಶಿರಸಿ ಕಡೆಯಿಂದ ನನ್ನದೊಂದು ಮಾತು. ಮಿದುಳಿನ ಬಾವಿಗೆ ಕೊಡುವ ಮ್ಯಾನಿಟಾಲ್ ಕೂಡ ಇದೇ ಬಳಗದ್ದು. ಡಿಸೆಂಬರ್ ಚಳಿಯಲ್ಲಿ ನಮ್ಮ 20 ಶೇಕಡಾ ಬಾಟಲಿಗಳ ತಳದಲ್ಲಿ ಕಲ್ಲುಸಕ್ಕರೆಯಂತೆ ಹರಳು ಕಟ್ಟುತ್ತದೆ. ಬೆಳಕಿಗೆ ಹಿಡಿದು ನೋಡದೆ ತೂಗುಹಾಕಬಾರದು. ಬಿಸಿನೀರಿನಲ್ಲಿಟ್ಟು ಅಲುಗಾಡಿಸಿ ಕರಗಿಸಿ, ಮೈಬಿಸಿಗೆ ತಣಿಸಿ, ಫಿಲ್ಟರ್ ಇರುವ ಸೆಟ್ಟಿನಲ್ಲೇ ಕೊಡಬೇಕು. ಹರಳು ಕರಗದಿದ್ದರೆ ಆ ಬಾಟಲಿ ಬೇಡ.

ಬೇಲೆಕೇರಿಯ ಸೊಸೆ · ಗುರುವಾರ ಬೆಳಿಗ್ಗೆ 7:30

ಇಲ್ಲಿನ ಸ್ಥಿತಿ ಹೇಳುತ್ತೇನೆ. ಬೆಳಿಗ್ಗೆ ಎಂಟು, ಮಧ್ಯಾಹ್ನ ಮೂರು. ಮೂರು ರಾತ್ರಿಯಿಂದ ಒಂದೇ ಸಲ ಏಳುತ್ತಿದ್ದಾರೆ. ಪರದೆಗೆ ಅವರದೇ ಹಳೆಯ ಪಂಚೆ ಕಟ್ಟಿದೆವು. ರಕ್ತದ ವರದಿಯಲ್ಲಿ ಪೊಟ್ಯಾಸಿಯಂ 4.9 ಬಂದಿದೆ, ವಾರದಲ್ಲಿ ಮತ್ತೆ ನೋಡುತ್ತಾರಂತೆ. ಎಳನೀರಿನ ಮಾತು ಸದ್ಯಕ್ಕೆ ಇಲ್ಲ.

ಕಷ್ಟವಾಗಿರುವುದು ಊಟ. ನಮ್ಮದು ಗಂಜಿ, ಅದಕ್ಕೆ ಸುಟ್ಟ ಒಣಬಂಗಡೆ ಅಥವಾ ಉಪ್ಪಿನಕಾಯಿ. ಅದಿಲ್ಲದ ಗಂಜಿಯನ್ನು ಮಾವನವರು "ಆಸ್ಪತ್ರೆ" ಎಂದೇ ಕರೆಯುತ್ತಾರೆ. ಒಣಮೀನನ್ನು ನೆನೆಸಿ ತೊಳೆದರೆ ಉಪ್ಪು ಹೋಗುವುದಿಲ್ಲವೇ? ದಿನಕ್ಕೆ ಒಂದೂವರೆ ಲೀಟರ್ ನೀರು ಎಂದಿದ್ದಾರೆ, ಅದರ ಲೆಕ್ಕ ಹೇಗೆ ಇಡುವುದು?

ಕೋಡಿಬಾಗದ ನಿವೃತ್ತ ಸಿಸ್ಟರ್ · ಗುರುವಾರ ಬೆಳಿಗ್ಗೆ 9:00

ಸ್ವಲ್ಪ ಹೋಗುತ್ತದೆ, ಸಾಲುವಷ್ಟು ಹೋಗುವುದಿಲ್ಲ. ಗಟ್ಟಿಮುಟ್ಟಾದವರಿಗೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಒಂದು ಚಹಾ ಚಮಚ. ನಮ್ಮಲ್ಲಿ ಒಂದು ಮಿಡಿ ಉಪ್ಪಿನಕಾಯಿ, ಎರಡು ಹಪ್ಪಳ, ಒಂದು ತುಂಡು ಒಣಮೀನು ಸೇರಿದರೆ ಅಡಿಗೆಗೆ ಉಪ್ಪು ಹಾಕುವ ಮೊದಲೇ ಲೆಕ್ಕ ಮುಗಿಯುತ್ತದೆ. ಉಪ್ಪು ಒಳಗೆ ಹೋದಷ್ಟೂ ಬಾಯಾರಿಕೆ, ನೀರು ಕುಡಿದಷ್ಟೂ ಬಾವು. ಗುಳಿಗೆ ಒಂದು ಕಡೆಯಿಂದ ತೋಡುತ್ತದೆ, ನಾವು ಇನ್ನೊಂದು ಕಡೆಯಿಂದ ಸುರಿಯುತ್ತೇವೆ.

ಹಸಿ ಮೀನು ಕೊಡಿ. ಹುಳಿ ಮುಂದೆ ಮಾಡಿ: ಮುರುಗಲು, ವಾಟೆಹುಳಿ, ಲಿಂಬೆ, ಜೊತೆಗೆ ಕಾಳುಮೆಣಸು, ಬೆಳ್ಳುಳ್ಳಿ. ನಾಲಿಗೆಗೆ ಹುಳಿ ಹತ್ತಿದರೆ ಉಪ್ಪಿನ ನೆನಪು ಅಷ್ಟು ಕಾಡುವುದಿಲ್ಲ. ಮುರುಗಲು ಸಿಪ್ಪೆ ಕೊಳ್ಳುವಾಗ ಉಪ್ಪು ಹಾಕದೆ ಒಣಗಿಸಿದ್ದನ್ನೇ ಕೇಳಿ.

ನೀರಿಗೆ ನನ್ನ ಹಳೆಯ ಉಪಾಯ. ಬೆಳಿಗ್ಗೆ ಒಂದು ಹೂಜಿಯಲ್ಲಿ ಒಂದೂವರೆ ಲೀಟರ್ ತುಂಬಿಡಿ. ಅವರು ನೀರು ಕುಡಿಯುವುದು ಅದರಿಂದಲೇ. ಚಹಾ, ಮಜ್ಜಿಗೆ, ಗಂಜಿ ತಿಳಿ ಕುಡಿದಾಗ ಅದೇ ಅಳತೆಯ ನೀರನ್ನು ಹೂಜಿಯಿಂದ ತೆಗೆದು ದಾಸವಾಳಕ್ಕೆ ಹಾಕಿ. ಹೂಜಿ ಖಾಲಿಯಾದರೆ ಆ ದಿನದ ಪಾಲು ಮುಗಿಯಿತು. ಬಾಯಿ ಒಣಗಿದರೆ ಬಾಯಿ ಮುಕ್ಕಳಿಸಲಿ, ಸಣ್ಣ ಮಂಜುಗಡ್ಡೆ ಚೀಪಲಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹುಲೇಕಲ್ ರಸ್ತೆ · ಗುರುವಾರ ಬೆಳಿಗ್ಗೆ 9:40

ಮದುವೆಗೋ ಬಸ್ ಪ್ರಯಾಣಕ್ಕೋ ಹೋಗುವ ದಿನ ಏನು ಮಾಡುತ್ತೀರಿ? ಆಯಿ ದೇವಿಮನೆ ಘಟ್ಟ ಇಳಿಯುವ ದಿನ ಗುಳಿಗೆ ಬಿಟ್ಟೇ ಬಿಡುತ್ತಿದ್ದರು.

ಕೋಡಿಬಾಗದ ನಿವೃತ್ತ ಸಿಸ್ಟರ್ · ಗುರುವಾರ ಬೆಳಿಗ್ಗೆ 10:00

ಎಲ್ಲರೂ ಬಿಡುತ್ತಾರೆ, ವೈದ್ಯರ ಮುಂದೆ ಯಾರೂ ಒಪ್ಪುವುದಿಲ್ಲ. ಬಿಡುವ ಬದಲು ಹೊತ್ತು ಸರಿಸಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಅನೇಕರಿಗೆ ಊರು ಮುಟ್ಟಿದ ಮೇಲೆ, ಮಧ್ಯಾಹ್ನದೊಳಗೆ ತೆಗೆದುಕೊಳ್ಳಲು ಒಪ್ಪಿಗೆ ಸಿಗುತ್ತದೆ.

ಬೇಲೆಕೇರಿಯ ಸೊಸೆ · ಶುಕ್ರವಾರ ಬೆಳಿಗ್ಗೆ 6:40

ಸಿಸ್ಟರ್, ಗಾಬರಿಯಾಗಿದೆ. ನಿನ್ನೆ ತೂಕ 58.6. ಇವತ್ತು 60.9! ಒಂದೇ ರಾತ್ರಿಯಲ್ಲಿ ಎರಡು ಕಿಲೋ ಮೀರಿ ಏರಿದೆ. ಉಪ್ಪು ಕೊಟ್ಟಿಲ್ಲ, ಗುಳಿಗೆ ನನ್ನ ಕಣ್ಣೆದುರೇ ನುಂಗಿದ್ದಾರೆ.

ಕೋಡಿಬಾಗದ ನಿವೃತ್ತ ಸಿಸ್ಟರ್ · ಶುಕ್ರವಾರ ಬೆಳಿಗ್ಗೆ 6:46

ಉಸಿರು ಹೇಗಿದೆ? ದಿಂಬು ಎಷ್ಟು? ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಐದು ಎಣಿಸಿ ತೆಗೆಯಿರಿ, ಗುಳಿ ಉಳಿಯುತ್ತದೆಯೇ? ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ನಿನ್ನೆಯ ಹಾಗೆಯೇ ಬಟ್ಟೆಯಲ್ಲಿ ತೂಗಿದಿರಾ? ತೂಕದ ಯಂತ್ರವನ್ನು ಎಲ್ಲಿ ಇಟ್ಟಿದ್ದೀರಿ?

ಬೇಲೆಕೇರಿಯ ಸೊಸೆ · ಶುಕ್ರವಾರ ಬೆಳಿಗ್ಗೆ 7:05

ಉಸಿರು ಸರಾಗ. ಒಂದೇ ದಿಂಬು. ಗುಳಿ ಬೀಳುತ್ತಿಲ್ಲ. ಮಳೆಯ ಇರಚಲು ಬರುತ್ತದೆ ಎಂದು ನಮ್ಮ ಯಜಮಾನರು ನಿನ್ನೆ ಸಂಜೆ ಯಂತ್ರವನ್ನು ಜಗಲಿಯ ಸಿಮೆಂಟಿನಿಂದ ಎತ್ತಿ ಒಳಗಿನ ಮಣ್ಣಿನ ನೆಲದ ಮೇಲೆ ಇಟ್ಟಿದ್ದರು. ಒಂದು ಕಾಲು ಗಾಳಿಯಲ್ಲಿತ್ತು. ಜಗಲಿಗೇ ತಂದು ಮತ್ತೆ ನಿಲ್ಲಿಸಿದೆವು. 58.4.

ಕೋಡಿಬಾಗದ ನಿವೃತ್ತ ಸಿಸ್ಟರ್ · ಶುಕ್ರವಾರ ಬೆಳಿಗ್ಗೆ 7:08

ಯಜಮಾನರಿಗೆ ಒಂದು ಚಮಚ ಉಪ್ಪು ಹೆಚ್ಚು ಹಾಕಿ. ಯಂತ್ರದ ನಾಲ್ಕು ಕಾಲಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಆದರೆ ನೀವು ಗಾಬರಿಯಾದದ್ದು ಸರಿಯೇ. ಮೂರು ದಿನದಲ್ಲಿ ಎರಡು ಕಿಲೋ ಏರಿದ್ದು ನಿಜವಾಗಿದ್ದರೆ ಅದು ಎರಡು ಲೀಟರ್ ನೀರು. ಬಾವು ಕಾಣಿಸುವ ಮೊದಲೇ ಫೋನು ಮಾಡಬೇಕಾದ ಅಂಕಿ ಅದು.

ಬೇಲೆಕೇರಿಯ ಸೊಸೆ · ಶನಿವಾರ ಬೆಳಿಗ್ಗೆ 8:10

58.5. ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸವನ್ನು ಮಾವನವರೇ ತೆಗೆದುಕೊಂಡಿದ್ದಾರೆ, ಇವತ್ತಿನ ಚೌಕದಲ್ಲಿ ಅಂಕಿ ಅವರದೇ ಕೈಬರಹ. ಈಗಷ್ಟೇ ಗುಳಿಗೆ ನುಂಗಿ, ನಾನು ಕೇಳದೆಯೇ ನಾಲಿಗೆ ಎತ್ತಿ ತೋರಿಸಿದರು.